ತವುಡಪ್ಪ ಅನ್ನೋ ಹೆಸರಿನವರು

ಬಂಗಾರಪೇಟೆಯಲ್ಲಿ ನನ್ನ ಅಂಗಡಿಯ ಬೋರ್ಡು ನೋಡಿಕೊಂಡು ಒಳಗೆ ಬರುವವರಲ್ಲಿ ಎರಡು ಥರ. ಗೇಟು, ಕಿಟಕಿ ಗ್ರಿಲ್ಲು ಮಾಡಿಸೋಕೆ ಬರುವವರು ಒಂದು ಥರ. ಡೇರಿಗೆ ಹಾಲು ಹಾಕಿ ಹಾಗೇ ಬಂದು, ಹಸುಗಳಿಗೆ ಬೂಸಾ ಇದೆಯಾ ಅಂತ ಕೇಳುವವರು ಇನ್ನೊಂದು ಥರ. ಬೋರ್ಡಿನ ಮೇಲೆ ತವುಡಪ್ಪ ಅಂತ ದೊಡ್ಡದಾಗಿ, ಗ್ರಿಲ್ ಕೆಲಸ ಅಂತ ಅದರ ಕೆಳಗೆ ಸಣ್ಣದಾಗಿ ಬರೆಸಿದ್ದೇನೆ. ಮಕ್ಕಳ ಹೆಸರಲ್ಲಿ ಅಂಗಡಿ ಇಟ್ಟರೆ ಚೆನ್ನಾಗಿರುತ್ತೆ ಅಂತ ಪೇಂಟರು ಹೇಳಿದ್ದ, ನಾನು ಒಪ್ಪಲಿಲ್ಲ. ಅಂಗಡಿಯೊಳಗಿನ ಪ್ರತಿ ಕಬ್ಬಿಣವೂ ನಾನು ದುಡಿದು ತಂದದ್ದು. ಹೆಸರು ಮಾತ್ರ ನಾನು ದುಡಿದದ್ದಲ್ಲ, ಬೇರೆಯವರು ಉಪಯೋಗಿಸಿ ಬಿಟ್ಟದ್ದು. ಅವರಲ್ಲಿ ಒಬ್ಬರೂ ನನಗೆ ನೆಂಟರಲ್ಲ.

ನಾನು ಬೆಳೆದದ್ದು ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನು ಮನೆಯಲ್ಲಿ. ತಗಡಿನ ಮಾಡು, ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಒಂದೇ ಕೋಣೆ. ಅದರೊಳಗೇ ಒಲೆ, ಅದರೊಳಗೇ ದೇವರು, ಮೂಲೆಯಲ್ಲಿ ಅಜ್ಜಿಯ ಚಾಪೆ. ಅಪ್ಪ ಗಣಿಯೊಳಗೆ ಮರದ ಆಸರೆ ಕೊಡುವ ಕೆಲಸ ಮಾಡುತ್ತಿದ್ದ. ಬೇಸಿಗೆಯ ಗಾಳಿಗೆ, ಚಿನ್ನ ತೆಗೆದು ಉಳಿದದ್ದನ್ನು ಸುರಿದ ಸಯನೈಡ್ ದಿಬ್ಬದ ಬಿಳೀ ಧೂಳು ಏಳುತ್ತಿತ್ತು. ಆ ದಿನಗಳಲ್ಲಿ ಅಮ್ಮ ಬಾಗಿಲು ಹಾಕಿಕೊಂಡೇ ಮುದ್ದೆ ತೊಳಸುತ್ತಿದ್ದಳು, ಆದರೂ ಮೊದಲ ತುತ್ತು ಹಲ್ಲಿಗೆ ಕರಕರ ಅನ್ನುತ್ತಿತ್ತು. ರಾಗಿ, ಹುರುಳಿ, ಕಾಲಕ್ಕೆ ಅವರೆಕಾಯಿ ಕಾಮಸಮುದ್ರದ ಬಸ್ಸಿನಲ್ಲಿ ಊರಿಂದ ಬರುತ್ತಿದ್ದವು. ತಟ್ಟಿ ಗೋಡೆಯ ಆಚೆ ಅಂಜಲೈ ಅಮ್ಮನ ಮನೆ. ಅವರದು ತಮಿಳು, ನಮ್ಮದು ಕನ್ನಡ, ಜಗಳ ಬಂದರೆ ಇಬ್ಬರದೂ ತೆಲುಗು. ಅವರು ಕರುವಾಡು ಹುರಿದರೆ ನಮ್ಮ ಮನೆಯ ಹೊದಿಕೆಗಳೆಲ್ಲ ಒಣಮೀನಿನ ವಾಸನೆ. ನಮ್ಮಪ್ಪ ಅಮ್ಮನನ್ನು ಬೈದರೆ ಗೋಡೆಯಾಚೆಯಿಂದ ಅಂಜಲೈ ಅಮ್ಮ ಕೆಮ್ಮುತ್ತಿದ್ದಳು. ಆ ಕೆಮ್ಮಿಗೆ ಅಪ್ಪ ದನಿ ತಗ್ಗಿಸುತ್ತಿದ್ದ.

ನನಗಿಂತ ಮುಂಚೆ ಹುಟ್ಟಿದವರು ಇಬ್ಬರು. ಒಬ್ಬನಿಗೆ ಹಲ್ಲು ಬರುವ ಮೊದಲು, ಇನ್ನೊಬ್ಬಳಿಗೆ ನಡಿಗೆ ಬರುವ ಮೊದಲು ಹೊತ್ತು ಮುಗಿಯಿತು. ನಾನು ಹುಟ್ಟಿದಾಗ ಅಜ್ಜಿ ಹಳೇ ಕ್ರಮ ಹಿಡಿದಳು. ಮಕ್ಕಳು ನಿಲ್ಲದ ಮನೆಯಲ್ಲಿ ಹೊಸ ಕೂಸನ್ನು ಬೇರೆಯವರಿಗೆ ಮಾರಿಬಿಡುವುದು. ಬೆಲೆ ದುಡ್ಡಲ್ಲ, ಒಂದು ಮೊರ ತವುಡು. ಕೊಂಡವಳು ಕೂಸನ್ನು ತನ್ನ ಮನೆಗೆ ಒಯ್ದು, ಹಾಲು ಕುಡಿಸುವ ಕೆಲಸಕ್ಕೆ ಅಂತ ಹೆತ್ತವಳ ಕೈಗೇ ಮತ್ತೆ ಕೊಡುತ್ತಾಳೆ. ಸಾವು ಆ ಮನೆಯನ್ನು ಹುಡುಕಿಕೊಂಡು ಬಂದರೆ, ಅಲ್ಲಿ ಇರುವುದು ಬೇರೆಯವರ ಮಗು, ಅದೂ ತವುಡಿನ ಬೆಲೆಯದು. ನನ್ನನ್ನು ಕೊಂಡವಳು ಅಂಜಲೈ ಅಮ್ಮ. ಅವಳಿಗೆ ಮೂವರು ಹೆಣ್ಣುಮಕ್ಕಳು. ಮೊರದಲ್ಲಿ ಮಲಗಿಸಿಕೊಂಡು ಅವಳು ನಮ್ಮ ಬಾಗಿಲು ದಾಟಿ ತನ್ನ ಬಾಗಿಲಿಗೆ ಹೋದದ್ದನ್ನು ಅಜ್ಜಿ ಎಷ್ಟು ಸಲ ಹೇಳಿದ್ದಾಳೋ! ಒಂದು ಸಲ ನಾನು ಅಳುತ್ತಿದ್ದೆ ಅನ್ನುತ್ತಿದ್ದಳು, ಇನ್ನೊಂದು ಸಲ ನಗುತ್ತಿದ್ದೆ ಅನ್ನುತ್ತಿದ್ದಳು. ಮೊರದ ತುಂಬ ತವುಡು ಇತ್ತು ಅನ್ನುವುದು ಮಾತ್ರ ಯಾವತ್ತೂ ಬದಲಾಗಲಿಲ್ಲ.

ಹೀಗೆ ಕೊಂಡ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು. ಬೇರೆ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ಮುತ್ತಾತ, ತಾತ ಅಂತ ಕಥೆ ಹೇಳುತ್ತಿದ್ದರು. ನಮ್ಮಜ್ಜಿ ಮಾತ್ರ ನನಗೆ ತವುಡಪ್ಪಂದಿರ ಕಥೆ ಹೇಳುತ್ತಿದ್ದಳು. ಪಾಳೇಗಾರರ ಕಾಲದಲ್ಲಿ ಕಾಮಸಮುದ್ರದ ಕಡೆ ಒಂದು ಕೆರೆಕಟ್ಟೆ ಒಡೆಯುವ ಹೊತ್ತಿಗೆ ತೂಬಿಗೆ ಅಡ್ಡ ಕೂತು ಮಣ್ಣು ಹಾಕಿಸಿಕೊಂಡ ತವುಡ ಒಬ್ಬ. ಅವನು ಸಾಯಲಿಲ್ಲವಂತೆ, ಬೆಳಿಗ್ಗೆ ಎದ್ದು ಮೈ ತೊಳೆದುಕೊಂಡು ಮನೆಗೆ ಹೋದನಂತೆ. ಇನ್ನೊಬ್ಬ ಕುಪ್ಪಂ ದಾರಿಯಲ್ಲಿ ಗಾಡಿ ಹೊಡೆಯುತ್ತಿದ್ದವನು. ಹುಲಿ ಒಂದು ಎತ್ತನ್ನು ಹಿಡಿಯಿತು, ಉಳಿದ ಒಂದೇ ಎತ್ತು ಕಟ್ಟಿಕೊಂಡು ಗಾಡಿ ತಂದ. ಮತ್ತೊಬ್ಬ ಪ್ಲೇಗು ಬಂದಾಗ ಇಡೀ ಹಟ್ಟಿಯಲ್ಲಿ ಒಬ್ಬನೇ ಉಳಿದವನು. ಒಬ್ಬ ಗೊಲ್ಲ, ಒಬ್ಬ ಬೋವಿ, ಒಬ್ಬ ಕುಂಬಾರ. ಅಜ್ಜಿ ಜಾತಿ ವಿಷಯದಲ್ಲಿ ಕಟ್ಟುನಿಟ್ಟು, ಬೇರೆಯವರ ಲೋಟದಲ್ಲಿ ನೀರು ಕುಡಿಯದವಳು. ತವುಡಪ್ಪಂದಿರ ವಿಷಯದಲ್ಲಿ ಮಾತ್ರ ಅವಳಿಗೆ ಯಾವ ಮಡಿಯೂ ಇರಲಿಲ್ಲ. ಅವರು ಏನು ಸಾಧಿಸಿದರು ಅನ್ನುವುದು ಅವಳಿಗೆ ಬೇಕಿರಲಿಲ್ಲ. ತಲೆ ಬೆಳ್ಳಗಾಗುವವರೆಗೆ ಬದುಕಿದರು, ಅಷ್ಟೇ. ಪ್ರತಿ ಕಥೆಯ ಕೊನೆಯಲ್ಲೂ ಒಂದು ಬಿಳೀ ತಲೆ ಇರುತ್ತಿತ್ತು.

ಜೀವಂತ ಇದ್ದ ತವುಡಪ್ಪ ಒಬ್ಬರು ಕೋರಮಂಡಲ್ ಲೈನಿನಲ್ಲಿದ್ದರು. ಕೆಲಸ ಬಿಟ್ಟು ಬಹಳ ಕಾಲ ಆಗಿತ್ತು. ಯುಗಾದಿ ಮಾರನೇ ದಿನ ಅಜ್ಜಿ ನನ್ನನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ ಅವರ ಕಾಲಿಗೆ ಬೀಳಿಸುತ್ತಿದ್ದಳು. ಅವರು ಬೀಡಿಯನ್ನು ಎಡಗೈಗೆ ಬದಲಾಯಿಸಿ ಬಲಗೈ ನನ್ನ ತಲೆ ಮೇಲೆ ಇಡುತ್ತಿದ್ದರು.

"ನಿನ್ನ ಮುಂದೆ ಎಷ್ಟು ಜನ ಓಗ್ಬುಟ್ರೋ?"

"ಇಬ್ರು ತಾತ."

"ಬರೀ ಇಬ್ರಾ? ನನ್ನ ಮುಂದೆ ನಾಲ್ಕು ಜನ. ನಿಂದು ಸಲೀಸು ಕಣ್ಲಾ, ಬದುಕ್ಕೋತೀಯ."

ಅಜ್ಜಿಗೆ ಅದು ಪೂಜಾರಿ ಹೂ ಕೊಟ್ಟಷ್ಟೇ ಸಮಾಧಾನ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವರ ತಲೆಗೂದಲ ಬಗ್ಗೆಯೇ ಮಾತಾಡುತ್ತಿದ್ದಳು.

ಕ್ರಮ ಅಲ್ಲಿಗೆ ಮುಗಿದಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಬೇರೆ ಮನೆಗಳಲ್ಲಿ ಮಗುವಿಗೆ ಐದಾರು ವರ್ಷ ಆದ ಮೇಲೆ ಮಾರಿದ ವಿಷಯ ಮರೆತು, ಹೆಸರು ಮಾತ್ರ ಉಳಿಸಿಕೊಳ್ಳುತ್ತಿದ್ದರು. ನಮ್ಮಮ್ಮ ಮರೆಯಲಿಲ್ಲ. ಅವಳು ನನ್ನನ್ನು ಒಂದು ದಿನವೂ ಮಗ ಅಂದವಳಲ್ಲ. ಅಪ್ಪನಿಗೆ, ಅಜ್ಜಿಗೆ ಇಟ್ಟ ಮೇಲೆ ನನ್ನ ಮುದ್ದೆ. ನನ್ನ ತಟ್ಟೆಯ ಅಂಚು ಚಕ್ಕೆ ಎದ್ದಿತ್ತು, ಅದನ್ನು ಬದಲಾಯಿಸಲಿಲ್ಲ. ಆದರೆ ಆ ಮುದ್ದೆಯ ಕೆಳಗೆ ಯಾವಾಗಲೂ ತುಪ್ಪ ಇರುತ್ತಿತ್ತು, ಕಾಣದ ಹಾಗೆ. ನಾನು ಬಿದ್ದು ಮೊಣಕಾಲು ಒಡೆದುಕೊಂಡರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು.

"ಲೇ ತವುಡ, ನಿಮ್ಮಮ್ಮ ಆ ಕಡೆ ಮನೇಲವ್ಳೆ ಓಗು. ಇಲ್ಲಿ ಬಂದ್ಯಾಕಳ್ತೀಯ?"

ನಾನು ಪಕ್ಕದ ಮನೆಗೆ ಹೋಗುತ್ತಿದ್ದೆ. ಅಂಜಲೈ ಅಮ್ಮ ಗಾಯ ತೊಳೆಯುತ್ತಿದ್ದಳು. ಅವಳ ಗಂಡ ಗೋವಿಂದನ್ ಗಣಿಯ ಕುಲುಮೆಯಲ್ಲಿ ಕಲ್ಲು ಕೊರೆಯುವ ಉಕ್ಕಿನ ಸಲಾಕೆಗಳಿಗೆ ಮೊನೆ ಮಾಡುವವನು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಬ್ಬಿಣದ ಬಣ್ಣ ಯಾವಾಗ ಯಾವುದಕ್ಕೆ ತಿರುಗುತ್ತೆ ಅಂತ ಹೇಳುತ್ತಿದ್ದ. ಅಲ್ಲಿ ನನಗೆ ಕೊರತೆ ಇರಲಿಲ್ಲ. ಆದರೂ ಮಾತು ಬಲ್ಲ ವಯಸ್ಸಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ತಟ್ಟಿ ಗೋಡೆಯ ಈಚೆಯವಳು ಒಂದು ಸಲ ಮಗನೇ ಅನ್ನಬೇಕು. ಅವಳು ಬೇರೆ ಕಡೆ ಗಮನ ಇಟ್ಟಿರುವಾಗ ಬಾಯಿತಪ್ಪಿ ಬರಬಹುದು ಅಂತ, ರಾಗಿ ಬೀಸುವಾಗ, ಪೇನು ನೋಡುವಾಗ ಅವಳ ಹತ್ತಿರ ಕೂತಿರುತ್ತಿದ್ದೆ. ಬಾಯಿ ತಪ್ಪುವವಳಲ್ಲ ಅವಳು.

ಅಪ್ಪನಿಗೆ ಇದೆಲ್ಲ ಮೊದಮೊದಲು ನಗು, ಆಮೇಲೆ ಕೋಪ. ಸ್ಕೂಲಿಗೆ ಸೇರಿಸುವಾಗ ಯಾರನ್ನೂ ಕೇಳದೆ ನನ್ನ ಹೆಸರು ಸುರೇಶ ಅಂತ ಹೇಳಿ ಬಂದ. ಆ ಸಂಜೆಯ ಜಗಳ ಲೈನಿಗೆಲ್ಲ ಕೇಳಿತು.

"ನನ್ನ ಮಗನ್ನ ಹಸುಗೆ ಇಕ್ಕೋ ತವುಡಿನ ಹೆಸರಲ್ಲಿ ಕೂಗಬೇಕಾ? ನಾಳೆ ಕೆಲಸಕ್ಕೆ ಓದ್ರೆ ನಗಲ್ವಾ?"

"ನಗ್ಲಿ ಬಿಡಲಾ," ಅಂದಳು ಅಜ್ಜಿ. "ನಗಿಸ್ಕೊಳಕ್ಕೆ ಅವನು ಇರಬೇಕಲ್ಲ ಮೊದಲು."

"ಸುರೇಶ ಅಂದ್ರೆ ಯಾರಿಗೆ ಗೊತ್ತು?" ಗೋಡೆಯಾಚೆಯಿಂದ ಅಂಜಲೈ ಅಮ್ಮ ಕೂಗಿದಳು. "ನಾನು ಕೊಂಡವ್ನು ತವುಡ. ಸುರೇಶನ್ನ ನಾನು ನೋಡೇ ಇಲ್ಲ, ನನ್ನ ಜವಾಬ್ದಾರಿ ಇಲ್ಲಪ್ಪ!"

ಕೆಲವು ದಿನ ಆದ ಮೇಲೆ ಸ್ಕೂಲಿನ ಹುಡುಗನೊಬ್ಬ ನಮ್ಮ ಬಾಗಿಲಲ್ಲಿ ನಿಂತು ಸುರೇಶಾ ಅಂತ ಕೂಗಿದ. ಅಮ್ಮ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳಿ ಬಾಗಿಲು ಹಾಕಿದಳು. ನಾನು ಒಳಗೇ ಕೂತಿದ್ದೆ. ಹೊಸ ಹೆಸರು ಬಂದರೆ ಹಳೇ ಲೆಕ್ಕ ಹೋಗಿ ನನ್ನನ್ನು ಮಗ ಅಂತಾಳೆ ಅಂದುಕೊಂಡಿದ್ದೆ. ಅವಳು ಸುರೇಶನನ್ನು ಪಕ್ಕದ ಮನೆಯವನು ಅಂತ ಕೂಡ ಒಪ್ಪಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಗೋವಿಂದನ್ ತೀರಿಕೊಂಡ. ಎದೆ ಕಾಯಿಲೆ, ಬಹಳ ದಿನದಿಂದ ಕೆಮ್ಮುತ್ತಿದ್ದ. ಗಂಡನ ಕೆಮ್ಮು ಯಾವುದು, ನಮ್ಮಪ್ಪನನ್ನು ಹೆದರಿಸುವ ಅಂಜಲೈ ಅಮ್ಮನ ಕೆಮ್ಮು ಯಾವುದು ಅಂತ ನಮಗೆ ಗೋಡೆಯ ಈಚೆಯಿಂದಲೇ ತಿಳಿಯುತ್ತಿತ್ತು. ಬೆಳಿಗ್ಗೆಯೇ ತಮಟೆ ಬಂತು. ಮಧ್ಯಾಹ್ನದ ಹೊತ್ತಿಗೆ ಗುಡಿಯಾತ್ತಂ ಕಡೆಯಿಂದ ಅವನ ಅಣ್ಣ ಬಂದರು. ಗಂಟಲು ದಪ್ಪ, ಶಾಲು ಹೊದ್ದ ಮನುಷ್ಯ. ಚಟ್ಟ ಕಟ್ಟಿ ಆಗಿತ್ತು, ಬೆಂಕಿ ಮಡಕೆ ಸಿದ್ಧವಾಗಿತ್ತು. ಮಡಕೆ ಹಿಡಿಯೋರು ಯಾರು ಅನ್ನುವ ಮಾತು ಬಂತು. ಮೂವರೂ ಹೆಣ್ಣುಮಕ್ಕಳು. ಆ ಅಣ್ಣನಿಗೆ ಆರೋಗ್ಯ ಇರಲಿಲ್ಲ, ಅವರ ಮಕ್ಕಳು ಬಂದಿರಲಿಲ್ಲ. ಆಗ ಲೈನಿನ ಹಿರಿಯ ಒಬ್ಬರು, ತವುಡು ಕೊಟ್ಟು ಕೊಂಡ ಮಗ ಇದ್ದಾನಲ್ಲ ಅಂದರು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೀದಿ ನಲ್ಲಿಯ ಹತ್ತಿರ ನಿಂತಿದ್ದೆ. ಅಪ್ಪ ಜನರನ್ನು ತಳ್ಳಿಕೊಂಡು ಮುಂದೆ ಬಂದ. ಹೆತ್ತಪ್ಪ ಬದುಕಿರುವಾಗ ಮಗ ಇನ್ನೊಬ್ಬರಿಗೆ ತಲೆ ಬೋಳಿಸಿ ಬೆಂಕಿ ಹಿಡಿದರೆ, ಅದು ಹೆತ್ತಪ್ಪನಿಗೆ ಮುಂಚಿತವಾಗಿ ಮಾಡಿದ ಹಾಗೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು.

"ಅದೇನೋ ಹೆಂಗಸ್ರು ಶಾಸ್ತ್ರಕ್ಕೆ ಮಾಡಿದ್ದು. ಇವನು ನನ್ನ ಮಗ. ನಾನಿನ್ನೂ ಬದುಕಿದ್ದೀನಿ ಸ್ವಾಮಿ, ಕಣ್ಣಿಗೆ ಕಾಣ್ತಿಲ್ವಾ?"

"ನಿಮ್ಮ ಮಾತು ಸರಿ," ಅಂದರು ಗುಡಿಯಾತ್ತಂನವರು, ಒಡಕು ಕನ್ನಡದಲ್ಲಿ. "ಕೊಟ್ಟವಳು ಹೆತ್ತವಳು. ಅವಳು ಇಲ್ಲ ಅಂತ ಹೇಳಲಿ, ನಾವು ಬೇರೆ ನೋಡ್ತೀವಿ."

ಅಂಜಲೈ ಅಮ್ಮ ಗಂಡನ ಕಾಲ ಹತ್ತಿರ ಕೂತಿದ್ದವಳು ತಲೆ ಎತ್ತಿ, ಬೇಡ ಬಿಡಿ, ಚಿಕ್ಕ ಹುಡುಗ, ಅಂದಳು. ಅಷ್ಟು ಸಾಕಿತ್ತು. ನಮ್ಮಮ್ಮ ಹೌದು ನನ್ನ ಮಗ ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅಪ್ಪನ ಪ್ರಾಣದ ಮಾತು ಅದು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ನಾನು ಅಷ್ಟು ವರ್ಷ ಕಾದಿದ್ದ ಮಾತನ್ನು ಇಡೀ ಲೈನು ಅವಳಿಂದ ಕೇಳುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಹೆಣದ ಕಡೆ ನೋಡಿದಳು. ಸಾವು ಆಗ ತಾನೇ ಬಂದು ಹೋದ ಮನೆ ಅದು. ಇನ್ನೂ ಎಲ್ಲೋ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿರಬಹುದು ಅಂದುಕೊಂಡಳೋ ಏನೋ.

"ಅವನು ಅಂಜಲೈ ಮಗ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಅವನೇ ಹಿಡೀಲಿ."

ನಲ್ಲಿ ಕೆಳಗೇ ನನ್ನ ತಲೆ ಬೋಳಿಸಿದರು. ನೀರು ತಣ್ಣಗಿತ್ತು, ಕತ್ತಿ ಮೊಂಡು. ಕ್ಷೌರದವನು ಯಾರಿಗೂ ಕೇಳದಂತೆ, ಅಳಬೇಡ್ಲಾ, ಅತ್ತರೆ ತಲೆ ಅಲ್ಲಾಡ್ತದೆ ಅಂದ. ನಾನು ಅಳುತ್ತಿರಲಿಲ್ಲ. ಮಡಕೆ ಹಿಡಿದು ಮುಂದೆ ನಡೆದೆ. ಅಪ್ಪ ಸ್ಮಶಾನಕ್ಕೆ ಬರಲಿಲ್ಲ, ಶಿಫ್ಟಿಗೆ ಹೋದ. ಅವನು ಗಣಿಗೆ ಇಳಿದ ಹೊತ್ತಿಗೆ ನಾನು ಅವನಲ್ಲದವನಿಗೆ ಬೆಂಕಿ ಇಡುತ್ತಿದ್ದೆ. ಆ ಸಂಜೆ ಅವನು ಮೇಲೆ ಬಂದು ಮನೆ ಸೇರುವವರೆಗೆ ಅಜ್ಜಿ ಬೀದಿಯಲ್ಲೇ ಕೂತಿದ್ದಳು. ಬಂದ ಮೇಲೆ ಸೊಸೆಯ ಕಡೆ ತಿರುಗಿದಳು.

"ಮಗನ್ನ ಉಳಿಸ್ಕೊಳಕ್ಕೆ ನಾನು ದಾರಿ ತೋರಿಸ್ದೆ. ನೀನು ಗಂಡನ್ನೇ ಪಣಕ್ಕಿಟ್ಟೆಯಲ್ಲೇ!"

"ಆಯಪ್ಪ ದೊಡ್ಡೋನು," ಅಂದಳು ಅಮ್ಮ, ಒಲೆ ಊದುತ್ತಾ. "ಅವನ್ನ ಅವನು ನೋಡ್ಕೋತಾನೆ."

ಅಪ್ಪ ಬಹಳ ದಿನ ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ಅಜ್ಜಿ ಬಡಿಸಿದರೆ ಉಣ್ಣುತ್ತಿದ್ದ. ಮುದ್ದೆ ತೊಳಸಿದವಳು ಅವಳೇ, ಸಾರು ಮಾಡಿದವಳು ಅವಳೇ, ಸೌಟು ಹಿಡಿದ ಕೈ ಮಾತ್ರ ಬೇರೆ. ನಮ್ಮ ಮನೆಯಲ್ಲಿ ಕೋಪಕ್ಕೂ ಒಂದು ಕ್ರಮ ಇತ್ತು.

ಸ್ಕೂಲಿಗೆ ಬೋಳು ತಲೆಯಲ್ಲಿ ಹೋದೆ. ಮೇಷ್ಟ್ರು ಕನಿಕರದಿಂದಲೇ ಕೇಳಿದರು.

"ಯಾರಪ್ಪ ತೀರ್ಕೊಂಡಿದ್ದು ಸುರೇಶ?"

ಹಿಂದಿನ ಬೆಂಚಿನಿಂದ ಒಬ್ಬ ಎದ್ದ.

"ಅವರಪ್ಪ ಬದುಕವ್ನೆ ಸಾ. ಈಗ ಸೈಕಲ್ಲಲ್ಲಿ ಓದ. ಇವನೇ ಮುಂಚಿತವಾಗಿ ಬೋಳಿಸ್ಕೊಂಡವ್ನೆ!"

ಕ್ಲಾಸು ನಕ್ಕಿತು. ನಾನು, ಸತ್ತೋರೂ ನಮ್ಮಪ್ಪನೇ, ಸೈಕಲ್ಲಲ್ಲಿ ಹೋದೋರೂ ನಮ್ಮಪ್ಪನೇ ಅಂದೆ. ಮೇಷ್ಟ್ರಿಗೆ ಅದು ಉದ್ಧಟತನ ಅನ್ನಿಸಿತು. ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ ಅಂದರು. ಒಬ್ಬರನ್ನು ಕರೆಯುವಂತಿರಲಿಲ್ಲ, ಇನ್ನೊಬ್ಬರು ಬರುವಂತಿರಲಿಲ್ಲ. ನಾನು ಮಾರನೇ ದಿನ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಓದು ಹತ್ತದೆ ಬಿಟ್ಟವನು ಅಂತ ನನ್ನ ಬಗ್ಗೆ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಗುಣಾಕಾರದಲ್ಲಿ ನನ್ನನ್ನು ಹಿಂದೆ ಹಾಕಿದವರು ಆ ಕ್ಲಾಸಿನಲ್ಲಿ ಇರಲಿಲ್ಲ. ಗೋವಿಂದನ್ ಗೆಳೆಯರೊಬ್ಬರದು ಆಂಡರ್ಸನ್‌ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ. ಅಂಜಲೈ ಅಮ್ಮ ಕೈಹಿಡಿದು ಕರೆದುಕೊಂಡು ಹೋಗಿ, ಎನ್ ಪಿಳ್ಳೆ, ನನ್ನ ಹುಡುಗ ಅಂತ ಹೇಳಿ ಬಿಟ್ಟುಬಂದಳು. ಅವರು ಹೆಸರು ಕೇಳಿದರು. ನಾನು ತವುಡಪ್ಪ ಅಂದೆ. ಅವತ್ತಿಂದ ಇವತ್ತಿನವರೆಗೆ ಯಾರೇ ಕೇಳಿದರೂ ಅದೇ. ಸುರೇಶ ಅನ್ನುವ ಹೆಸರು ವ್ಯರ್ಥ ಆಗಲಿಲ್ಲ. ಆಮೇಲೆ ಹುಟ್ಟಿದ ತಮ್ಮನಿಗೆ ಅಪ್ಪ ಅದನ್ನೇ ಇಟ್ಟ. ಅವನನ್ನು ಯಾರಿಗೂ ಮಾರಲಿಲ್ಲ. ಅಮ್ಮ ಅವನನ್ನು ಲೈನಿಗೆಲ್ಲ ಕೇಳುವ ಹಾಗೆ ಮಗನೇ ಅಂತ ಕರೆಯುತ್ತಿದ್ದಳು. ನಾನು ವೆಲ್ಡಿಂಗ್ ಮಾಡಿ ಕೆಂಪಗಾದ ಕಣ್ಣಿಗೆ ಹಾಲಿನ ಬಟ್ಟೆ ಕಟ್ಟಿಕೊಂಡು ಮಲಗಿ ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಾರಿ ಅಜ್ಜಿ ಸಿಡುಕಿ, ದೊಡ್ಡವನನ್ನೂ ಒಂದು ಸಾರಿ ಅನ್ನೇ, ಮೀಸೆ ಬತ್ತಾ ಐತೆ ಅಂದಳು. ಅಮ್ಮ, ಮೀಸೆ ಬೆಳ್ಳಗಾಗ್ಲಿ ನೋಡಾನ ಅಂದಳು.

ಅಪ್ಪ ಆಯಸ್ಸು ತುಂಬಿಯೇ ಹೋದ. ಅವನಿಗೆ ನಾನು ಬೆಂಕಿ ಹಿಡಿದರೆ, ಇಷ್ಟು ವರ್ಷ ಸಾವಿನಿಂದ ಮುಚ್ಚಿಟ್ಟದ್ದು ಬಯಲಾಗುತ್ತೆ ಅಂತ ಅಮ್ಮನಿಗೆ ಭಯ. ಪಕ್ಕದ ಮನೆಯವನು ಇವನು, ಇವನಿಗ್ಯಾಕೆ ಅಂತ ನಿಂತುಕೊಂಡಳು. ಹಿರಿಯ ಮಗ ನಾನು, ಚಟ್ಟಕ್ಕೆ ಹೆಗಲು ಕೊಟ್ಟೆ. ಮಡಕೆ ತಮ್ಮ ಹಿಡಿದ. ನೆಂಟರು ಏನೇನೋ ಅಂದುಕೊಂಡರು, ಆಸ್ತಿ ಜಗಳ ಅಂದವರೂ ಇದ್ದಾರೆ. ನಾನು ವಿವರಿಸಲು ಹೋಗಲಿಲ್ಲ. ಗಣಿ ಮುಚ್ಚಿದ ಮೇಲೆ ಅಂಜಲೈ ಅಮ್ಮ ಮಗಳ ಮನೆಗೆ ಹೋದಳು, ಅಲ್ಲಿಯೇ ತೀರಿಕೊಂಡಳು. ನನ್ನ ಮದುವೆಯಲ್ಲಿ ನನ್ನನ್ನು ವಾಪಸ್ಸು ಕೊಂಡುಕೊಳ್ಳುವ ಶಾಸ್ತ್ರ ಮಾಡೋಣ ಅಂತ ಅವಳೇ ಕೇಳಿದ್ದಳು. ಅಮ್ಮ ಮೊರ ಮುಟ್ಟಲಿಲ್ಲ. ಈಗ ವಾಪಸ್ಸು ಮಾರುವವಳೂ ಇಲ್ಲ.

ಕೋರಮಂಡಲ್‌ನ ತಾತ ಹೋದ ಮೇಲೆ ಇನ್ನೊಬ್ಬ ತವುಡಪ್ಪ ನನಗೆ ಸಿಕ್ಕಿಲ್ಲ. ಈಗ ಯಾರೂ ಈ ಹೆಸರು ಇಡುವುದಿಲ್ಲ, ಇಡಬೇಕಾದ ಕಾರಣವೂ ಕಡಿಮೆಯಾಗಿದೆ. ಬಹುಶಃ ಈ ಸಾಲಿನಲ್ಲಿ ಕೊನೆಯವನು ನಾನೇ. ನನ್ನ ತಲೆ ಬೆಳ್ಳಗಾಗಿದೆ. ಅಜ್ಜಿ ಇದ್ದಿದ್ದರೆ ನನ್ನನ್ನೂ ಒಂದು ಕಥೆ ಮಾಡುತ್ತಿದ್ದಳು.

ಅಮ್ಮ ನನ್ನ ಜೊತೆ ಬಂಗಾರಪೇಟೆಯಲ್ಲೇ ಇದ್ದಳು. ಕೊನೆಗೆ ಉಸಿರು ಹಿಡಿಯಿತು ಅಂತ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ನನ್ನ ಹೆಂಡತಿ ಹಾಸಿಗೆಯ ಪಕ್ಕ ಕೂತಿದ್ದಳು, ಒಬ್ಬ ಹೊಸ ನರ್ಸಮ್ಮ ಇದ್ದರು. ಒಳಗೆ ಮನೆಯವರು ಒಬ್ಬರು ಮಾತ್ರ ಇರಬಹುದು ಅನ್ನುವ ನಿಯಮ ಅಲ್ಲಿ.

"ಅಜ್ಜಿ, ಇವರ್ಯಾರು? ನಿಮ್ಮ ಮಗನಾ?"

ಅಮ್ಮ ಕಣ್ಣು ಬಿಟ್ಟಳು. ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಬಾಗಿಲನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲ ಅನ್ನುವುದು ಅವಳಿಗೆ ಖಾತ್ರಿ ಆದ ಹಾಗೆ ಕಾಣಲಿಲ್ಲ.

"ಅಲ್ಲ ತಾಯಿ. ಅಂಜಲೈ ಮಗ. ಪಕ್ಕದ ಮನೆಯೋನು."

ನರ್ಸಮ್ಮ ನನ್ನ ಕಡೆ ತಿರುಗಿದರು. ನನ್ನ ಹೆಂಡತಿ ಏನೋ ಹೇಳೋಕೆ ಬಾಯಿ ತೆರೆದಳು, ನಾನು ಕೈ ಅಡ್ಡ ಮಾಡಿದೆ.

"ಹೌದಮ್ಮ," ಅಂದೆ, ಬಾಗಿಲವರೆಗೂ ಕೇಳುವ ಹಾಗೆ. "ಪಕ್ಕದ ಮನೆಯವನು ನಾನು."

ಹಾಗಾದರೆ ಹೊರಗೆ ಕೂತ್ಕೊಳ್ಳಿ ಅಂದರು. ಗಂಜಿ ಪಾತ್ರೆಯನ್ನು ಹೆಂಡತಿಯ ಕೈಗೆ ಕೊಟ್ಟು, ಹೊರಗೆ ಬಂದು, ಬಾಗಿಲಿಗೆ ಎದುರಾಗಿ ಬೆಂಚಿನ ಮೇಲೆ ಕೂತೆ.